ದಾಕ್ತರ ಭಾಷೆ, ರೋಗಿಯ ಬಾಯಿ

ನಮ್ಮ ಕೇರಿಯ ಹೆಂಗಸು ಸರ್ಕಾರಿ ಆಸ್ಪತ್ರೆಗೆ ಹೋಗಿ ಹೇಗೆ ಮಾತಾಡ್ತಾಳೆ ಅನ್ನೋದು ನಮಗೆಲ್ಲ ಗೊತ್ತು. 'ಹೊಟ್ಟೇಲಿ ಸಂಕಟ ಬುದ್ಧೀ, ಎದೆ ಹಾರ್ತದೆ, ಕಣ್ಣು ಕತ್ಲೆ ಕಟ್ತದೆ, ಕೈಕಾಲು ಜೋಮು ಹಿಡೀತವೆ' ಅಂತಾಳೆ. ಈ ನಾಲ್ಕು ಮಾತಿನಲ್ಲಿ ರಕ್ತಹೀನತೆ ಇರಬಹುದು, ಬಸುರಿಯ ರಕ್ತದೊತ್ತಡ ಇರಬಹುದು, ಬರೀ ಹಸಿವೂ ಇರಬಹುದು. ಎದುರಿಗೆ ಕೂತ ವೈದ್ಯನಿಗೆ ಆ ಮಾತು ತಿಳಿಯದಿದ್ದರೆ ಅವನು ಆಯಾ ಕಡೆ ನೋಡ್ತಾನೆ. ಆಯಾ ನಾಲ್ಕು ಮಾತನ್ನು ಒಂದು ಮಾಡಿ 'ಹೊಟ್ಟೆ ನೋವಂತೆ ಸಾರ್' ಅಂತಾಳೆ. ಚೀಟಿಯ ಮೇಲೆ ಒಂದು ಮಾತ್ರೆ ಬೀಳ್ತದೆ. ಮೂರು ಮಾತು ನೆಲದ ಮೇಲೆ ಬಿದ್ದು ಹೋಗ್ತವೆ. ಆ ಮೂರರಲ್ಲಿ ಒಂದು ಅವಳ ಪ್ರಾಣವೇ ಆಗಿರಬಹುದು.

ಸರ್ಕಾರಿ ವೈದ್ಯನ ಹುದ್ದೆಗೆ ಆ ಸೀಮೆಯ ಭಾಷೆ ಬಲ್ಲವನೇ ಅರ್ಹ ಅನ್ನೋ ಷರತ್ತು ಬೇಕೆ, ಬೇಡವೆ? ಈ ಜಗಳ ಬಂದಾಗಲೆಲ್ಲ ಎರಡು ದನಿ ಏಳ್ತವೆ. ಒಂದು, ನಮ್ಮ ನಾಡಿನ ಉದ್ಯೋಗ ನಮ್ಮವರಿಗೇ ಸಿಗಬೇಕು ಅನ್ನೋದು. ಇನ್ನೊಂದು, ಪ್ರತಿಭೆಗೆ ಭಾಷೆಯ ಬೇಲಿ ಯಾಕೆ ಅನ್ನೋದು. ಎರಡೂ ಉದ್ಯೋಗ ಹುಡುಕುವವರ ದನಿಗಳೇ. ಬೆಂಚಿನ ಮೇಲೆ ಚೀಟಿ ಹಿಡಿದು ಕೂತವಳು ಇವೆರಡರಲ್ಲೂ ಇಲ್ಲ. ಅದಕ್ಕೇ ಈ ಷರತ್ತಿನ ಚರಿತ್ರೆಯನ್ನು ಅವಳು ಕೂತ ಕಡೆಯಿಂದ ಒಮ್ಮೆ ನೋಡೋಣ.

*

ಬ್ರಿಟಿಷರ ಕಂಪನಿ ಸರ್ಕಾರ 1822ರಲ್ಲಿ ಕಲ್ಕತ್ತೆಯಲ್ಲಿ ಒಂದು ದೇಶೀಯ ವೈದ್ಯ ಶಾಲೆ ತೆರೆಯಿತು. ಅಲ್ಲಿ ಪಾಠ ನಡೆದದ್ದು ಈ ನೆಲದ ಭಾಷೆಯಲ್ಲಿ. ಸಿಪಾಯಿಗಳ ದಂಡಿಗೆ ಕಡಿಮೆ ಸಂಬಳದ 'ನೇಟಿವ್ ಡಾಕ್ಟರು'ಗಳು ಬೇಕಾಗಿದ್ದರು. ಹದಿಮೂರು ವರ್ಷ ನಡೆದ ಆ ಶಾಲೆಯನ್ನು 1835ರಲ್ಲಿ ಬೆಂಟಿಂಕನ ಸರ್ಕಾರ ಮುಚ್ಚಿತು. ಅದರ ಜಾಗದಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜು ಬಂತು. ಇನ್ನು ಮೇಲೆ ವೈದ್ಯವಿದ್ಯೆ ಇಂಗ್ಲಿಷಿನಲ್ಲೇ ಅಂತ ತೀರ್ಮಾನವಾಯಿತು.

ಆ ಕಾಲೇಜಿಗೆ ಸೇರಲು ಯಾರು ಅರ್ಹರು? ವಯಸ್ಸು 14ರಿಂದ 20. ಜಾತಿ ಮತದ ಭೇದವಿಲ್ಲ. ಇಂಗ್ಲಿಷ್ ಮತ್ತು ಬಂಗಾಳಿ, ಇಲ್ಲವೇ ಇಂಗ್ಲಿಷ್ ಮತ್ತು ಹಿಂದೂಸ್ತಾನಿ ಓದಿ ಬರೆಯಲು ಬರಬೇಕು. ಜೊತೆಗೆ ಗೌರವಸ್ಥ ಮನೆತನದ ಸಂಬಂಧವಿರಬೇಕು. ಗೆಳೆಯರೆ, ಈ ಷರತ್ತನ್ನು ಇನ್ನೊಂದು ಸಲ ಓದಿ. ಜಾತಿ ಭೇದವಿಲ್ಲ ಅಂತ ಮುಂಬಾಗಿಲು ತೆರೆದಿದೆ. ಆದರೆ ಹೊಸ್ತಿಲಲ್ಲಿ ಇಂಗ್ಲಿಷ್ ನಿಂತಿದೆ, ಅದರ ಹಿಂದೆ ಗೌರವಸ್ಥ ಮನೆತನ ನಿಂತಿದೆ. 1835ರಲ್ಲಿ ಇಂಗ್ಲಿಷ್ ಕಲಿತ ಹೊಲೆಯ ಮಾದಿಗರ ಮಕ್ಕಳು ಎಷ್ಟು ಜನ ಇದ್ದಾರು? ಜಾತಿಯ ಹೆಸರೆತ್ತದೆ ಜಾತಿ ಕಾಯುವ ಕೆಲಸವನ್ನು ಭಾಷೆಗೆ ಒಪ್ಪಿಸಬಹುದು ಅನ್ನೋದನ್ನು ಆಳುವವರು ಅವತ್ತೇ ಕಲಿತಿದ್ದರು.

1836ರಲ್ಲಿ ಮಧುಸೂದನ ಗುಪ್ತ ಅನ್ನೋ ವೈದ್ಯ ಪಂಡಿತ ಆ ಕಾಲೇಜಿನಲ್ಲಿ ಹೆಣ ಕೊಯ್ದದ್ದನ್ನು ದೊಡ್ಡ ಕ್ರಾಂತಿ ಅಂತ ಪುಸ್ತಕಗಳು ಹೊಗಳುತ್ತವೆ. ಮೇಲುಜಾತಿಯವನು ಹೆಣ ಮುಟ್ಟಿದ್ದು ಕ್ರಾಂತಿ. ಹೆಣ ಹೊರುವುದು, ಗುಂಡಿ ತೋಡುವುದು, ಸತ್ತ ದನ ಸಾಗಿಸಿ ಚರ್ಮ ಸುಲಿಯುವುದನ್ನೇ ತಲೆತಲಾಂತರ ಮಾಡಿಕೊಂಡು ಬಂದವರಿಗೆ ಆ ಚರಿತ್ರೆಯಲ್ಲಿ ಒಂದು ಸಾಲೂ ಇಲ್ಲ. ದೇಹದ ಒಳಗನ್ನು ಕೈಯಾರೆ ಬಲ್ಲವರಿಗೆ ಆ ಜ್ಞಾನದ ಭಾಷೆ ಸಿಗಲಿಲ್ಲ.

1855ರಿಂದ ಭಾರತೀಯ ವೈದ್ಯ ಸೇವೆಗೆ, ಅಂದರೆ ಐ.ಎಂ.ಎಸ್.ಗೆ, ಸ್ಪರ್ಧಾ ಪರೀಕ್ಷೆ ಶುರುವಾಯಿತು. ಪರೀಕ್ಷೆ ನಡೆಯುತ್ತಿದ್ದದ್ದು ಲಂಡನ್ನಿನಲ್ಲಿ. ಮೊದಲ ವರ್ಷವೇ ಬಂಗಾಳದ ಸೂರ್ಯಕುಮಾರ ಚಕ್ರವರ್ತಿ ಅದರಲ್ಲಿ ಗೆದ್ದರು. ಎಲ್ಲರಿಗೂ ತೆರೆದ ಸ್ಪರ್ಧೆ ಅಂದರು. ಆದರೆ ಸ್ಪರ್ಧೆಯ ಬಾಗಿಲಿಗೆ ಹಡಗು ಹತ್ತಿ ಹೋಗಬೇಕಾಗಿತ್ತು. ಕೆಲಸಕ್ಕೆ ಸೇರಿದ ಬಿಳಿಯ ಅಧಿಕಾರಿಗಳು ಆಮೇಲೆ ಹಿಂದೂಸ್ತಾನಿ ಪರೀಕ್ಷೆ ಪಾಸು ಮಾಡಬೇಕಿತ್ತು. ಸಿಪಾಯಿಗೆ ಅಪ್ಪಣೆ ಕೊಡುವಷ್ಟು ಭಾಷೆ ಅವರಿಗೆ ಬೇಕಾಗಿತ್ತು. ಅಪ್ಪಣೆ ಕೊಡುವ ಭಾಷೆ ಬೇರೆ, ನೋವು ಕೇಳುವ ಭಾಷೆ ಬೇರೆ. ಈ ವ್ಯತ್ಯಾಸವನ್ನು ಮರೆಯಬಾರದು.

*

ಹಾಗಾದರೆ ಇಂಗ್ಲಿಷ್ ಬಿಟ್ಟು ದೇಶಭಾಷೆ ತಂದರೆ ಎಲ್ಲ ಸರಿಹೋಗುತ್ತದೆಯೆ? ಇದಕ್ಕೆ ಹೈದರಾಬಾದು ಸಂಸ್ಥಾನ ಉತ್ತರ ಕೊಡುತ್ತದೆ. 1918ರಲ್ಲಿ ನಿಜಾಮ ಉಸ್ಮಾನಿಯಾ ವಿಶ್ವವಿದ್ಯಾಲಯ ಕಟ್ಟಿದ. ಅಲ್ಲಿ ವೈದ್ಯಶಾಸ್ತ್ರವನ್ನೂ ಉರ್ದುವಿನಲ್ಲೇ ಕಲಿಸಿದರು. ಇಂಗ್ಲಿಷಿನ ಹಂಗಿಲ್ಲದೆ ಆಧುನಿಕ ವಿಜ್ಞಾನ ಕಲಿಸಬಹುದು ಅನ್ನೋದನ್ನು ಮಾಡಿ ತೋರಿಸಿದ ದೊಡ್ಡ ಪ್ರಯೋಗ ಅದು. ಇದನ್ನು ನಾವು ಸಣ್ಣದು ಮಾಡಬಾರದು. 1919ರ ಫರ್ಮಾನು 'ಮುಲ್ಕಿ' ನಿಯಮವನ್ನೂ ಬಿಗಿಗೊಳಿಸಿತು. ಸಂಸ್ಥಾನದಲ್ಲಿ 15 ವರ್ಷ ನೆಲೆಸಿದವರಿಗೇ ಸರ್ಕಾರಿ ನೌಕರಿ ಅಂತಾಯಿತು.

ಆದರೆ ರಾಯಚೂರಿನ, ಕಲಬುರ್ಗಿಯ ಹಳ್ಳಿಯ ಕೂಲಿಕಾರನಿಗೆ ಏನು ಸಿಕ್ಕಿತು? ಅವನ ಮಾತು ಕನ್ನಡ. ಆಸ್ಪತ್ರೆಯ ದಾಖಲೆ, ಕಚೇರಿಯ ಅರ್ಜಿ ಉರ್ದು. ದೇಶಭಾಷೆ ಬಂದರೂ ಅದು ದೊರೆಯ ದೇಶಭಾಷೆಯಾಗಿತ್ತು. ನೆಲದ ಭಾಷೆ ಅಂತ ಹೇಳುವಾಗ ಯಾರ ಕಾಲ ಕೆಳಗಿನ ನೆಲ ಅಂತ ಕೇಳಲೇಬೇಕು.

ಮೈಸೂರು ಸಂಸ್ಥಾನದ ಕತೆಯೂ ಬೇರೆಯಲ್ಲ. ಮದರಾಸಿನಿಂದ ಬಂದ ಅಧಿಕಾರಿಗಳ ವಿರುದ್ಧ 'ಮೈಸೂರು ಮೈಸೂರಿನವರಿಗೆ' ಅನ್ನೋ ಕೂಗು ಎದ್ದಿತ್ತು. ಜಗಳ ಹತ್ತಿದ್ದು ಮುಖ್ಯವಾಗಿ ಅಲ್ಲಿಯ ಬ್ರಾಹ್ಮಣರಿಗೂ ಇಲ್ಲಿಯ ಬ್ರಾಹ್ಮಣರಿಗೂ. ಉಳಿದ ಜನ ಮೈಸೂರಿನವರೇ ಆಗಿದ್ದರೂ ಆ ಲೆಕ್ಕಕ್ಕೆ ಬಂದಿರಲಿಲ್ಲ. 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಗಿ, ಮರುವರ್ಷ ವರದಿ ಕೊಟ್ಟು, ಹಿಂದುಳಿದ ಜಾತಿಗಳಿಗೆ ಹುದ್ದೆಗಳಲ್ಲಿ ಪಾಲು ಬೇಕು ಅಂದ ಮೇಲೆಯೇ 'ಇಲ್ಲಿಯವರು' ಅನ್ನೋ ಮಾತಿನ ಹೊಟ್ಟೆ ಸೀಳಿ ಒಳಗೆ ಯಾರಿದ್ದಾರೆ ಅಂತ ನೋಡಿದ್ದು.

*

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿಯ ವರದಿ ಬಂತು. ಆಗ ದೇಶದಲ್ಲಿ ನೋಂದಾಯಿತ ವೈದ್ಯರು ಸುಮಾರು 47,500. ಅವರಲ್ಲಿ ಸುಮಾರು 30,000 ಮಂದಿ ಪದವೀಧರರಲ್ಲ, ಎಲ್.ಎಂ.ಪಿ.ಗಳು. ಕಡಿಮೆ ವರ್ಷ, ಕಡಿಮೆ ಖರ್ಚಿನಲ್ಲಿ ಮೆಡಿಕಲ್ ಶಾಲೆಯಲ್ಲಿ ಕಲಿತವರು. ಇನ್ನು ಮುಂದೆ ಒಂದೇ ಬಗೆಯ ವೈದ್ಯ, ಪದವಿ ಪಡೆದವನೇ ವೈದ್ಯ ಅಂತ ಸಮಿತಿಯ ಬಹುಮತ ಹೇಳಿತು. ಕೆಲವು ಸದಸ್ಯರು ಒಪ್ಪದೆ ಭಿನ್ನಮತ ಬರೆದರು. ಬಡವರಿಗೆ ಅರೆಬರೆ ವೈದ್ಯ ಬೇಡ ಅನ್ನೋ ಮಾತಿನಲ್ಲಿ ನ್ಯಾಯವಿತ್ತು. ಆದರೆ ವೈದ್ಯನಾಗುವ ದಾರಿ ಇಂಗ್ಲಿಷ್ ಕಾಲೇಜಿನ ಒಂದೇ ಬಾಗಿಲಿಗೆ ಬಂದು ನಿಂತಿತು. ಕನ್ನಡ ಶಾಲೆಯ ಹುಡುಗ ಆ ಬಾಗಿಲಲ್ಲಿ ಮುಗ್ಗರಿಸಿದ. ಮೀಸಲಾತಿ ಹಿಡಿದೆತ್ತಿದ ಮೇಲೂ ಮೊದಲ ವರ್ಷದ ಅಂಗರಚನಾ ಶಾಸ್ತ್ರದ ದಪ್ಪ ಪುಸ್ತಕದ ಮುಂದೆ ಎಷ್ಟು ಹುಡುಗರು ರಾತ್ರಿಯೆಲ್ಲ ಅತ್ತರು ಅನ್ನೋದು ಹಾಸ್ಟೆಲುಗಳ ಗೋಡೆಗೆ ಗೊತ್ತು.

ಇನ್ನು ಸಂವಿಧಾನ. ಇದನ್ನು ನಮ್ಮ ಮೇಷ್ಟ್ರುಗಳು ಮಕ್ಕಳಿಗೆ ಬಿಡಿಸಿ ಹೇಳಬೇಕು. 29(2)ನೇ ವಿಧಿಯ ಪ್ರಕಾರ ಸರ್ಕಾರಿ ಅಥವಾ ಅನುದಾನಿತ ವಿದ್ಯಾಸಂಸ್ಥೆಯಲ್ಲಿ ಧರ್ಮ, ಜನಾಂಗ, ಜಾತಿ, ಭಾಷೆ ಇಷ್ಟರಿಂದಲೇ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಸರ್ಕಾರಿ ನೌಕರಿಯ 16(2)ನೇ ವಿಧಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಊರು, ವಾಸದ ಊರು ಎಲ್ಲ ಇವೆ. ಭಾಷೆ ಇಲ್ಲ. ಕಲಿಯೋಕೆ ಬಂದವನನ್ನು ಭಾಷೆಯ ಹೆಸರಲ್ಲಿ ತಳ್ಳಬೇಡ. ಆದರೆ ಜನರ ಕೆಲಸಕ್ಕೆ ಬಂದವನನ್ನು ಜನರ ಮಾತು ಬರುತ್ತದೆಯೇ ಅಂತ ಕೇಳಬಹುದು. ಎರಡು ವಿಧಿಗಳನ್ನು ಜೊತೆಗಿಟ್ಟು ಓದಿದರೆ ನಮಗೆ ತೋರುವ ಅರ್ಥ ಇದು.

1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಕೇಂದ್ರ ಸರ್ಕಾರ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಒಂದು ಜ್ಞಾಪನಪತ್ರ ಹೊರಡಿಸಿತು. ರಾಜ್ಯಭಾಷೆ ನೇಮಕಾತಿಗೆ ಮುಂಚಿನ ಷರತ್ತಾಗಬಾರದು, ಆಯ್ಕೆಯಾದ ಮೇಲೆ ಪ್ರೊಬೇಷನ್ ಮುಗಿಯುವುದರೊಳಗೆ ಪರೀಕ್ಷೆ ಪಾಸು ಮಾಡಿದರೆ ಸಾಕು ಅನ್ನೋದು ಅದರ ಸಾರ. 1957ರ ಕಾಯ್ದೆ ವಾಸದ ಷರತ್ತುಗಳನ್ನೂ ಕೆಲವು ಪ್ರದೇಶ ಬಿಟ್ಟು ಉಳಿದ ಕಡೆ ತೆಗೆದುಹಾಕಿತು. ತೆಲಂಗಾಣಕ್ಕೆ ಉಳಿಸಿದ್ದನ್ನು ಸುಪ್ರೀಂ ಕೋರ್ಟು 1969ರಲ್ಲಿ ಹೊಡೆದುಹಾಕಿತು.

ನಮ್ಮಲ್ಲಿ 1963ರಲ್ಲಿ ರಾಜ್ಯಭಾಷಾ ಕಾಯ್ದೆ ಬಂತು. 1974ರ ನಿಯಮಗಳು ಸರ್ಕಾರಿ ನೌಕರರಿಗೆ ಕನ್ನಡ ಪರೀಕ್ಷೆ ಇಟ್ಟವು. 1982ರ ಗೋಕಾಕ್ ಚಳವಳಿ, 1986ರಲ್ಲಿ ಅಂತಿಮ ವರದಿ ಕೊಟ್ಟ ಸರೋಜಿನಿ ಮಹಿಷಿ ಸಮಿತಿ ಭಾಷೆ ಮತ್ತು ಉದ್ಯೋಗವನ್ನು ಬೀದಿಯ ಪ್ರಶ್ನೆ ಮಾಡಿದವು. ನೆರೆಯ ತಮಿಳುನಾಡು 2021ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಸರ್ಕಾರಿ ನೇಮಕಾತಿ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆ ಕಡ್ಡಾಯ, ಅದರಲ್ಲಿ ಶೇ. 40 ಬರದಿದ್ದರೆ ಉಳಿದ ಉತ್ತರಗಳನ್ನು ನೋಡುವುದೇ ಇಲ್ಲ. ಸರ್ಕಾರಿ ಆಸ್ಪತ್ರೆಯ ವೈದ್ಯರ ನೇಮಕಕ್ಕೂ ತಮಿಳು ಅರ್ಹತಾ ಪರೀಕ್ಷೆ ಬಂತು. 1956ರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಕಲಿ ಅಂದದ್ದು ಈಗ ಕಲಿತು ಬಾ ಅಂತಾಗಿದೆ.

*

ಇಲ್ಲಿ ನಮ್ಮ ಮಾತನ್ನು ನೇರವಾಗಿ ಹೇಳಿಬಿಡ್ತೇವೆ. ನಾವು ಈ ಷರತ್ತಿನ ಪರ. ಆದರೆ ಅದನ್ನು ತರುವವರ ಕಾರಣಗಳೆಲ್ಲ ನಮ್ಮ ಕಾರಣಗಳಲ್ಲ.

ಆಸ್ಪತ್ರೆಯ ಮೆಟ್ಟಿಲನ್ನು ಕೆಳಗಿನಿಂದ ಎಣಿಸಿ ನೋಡಿ. ಕಸ ಗುಡಿಸುವವಳಿಗೆ ರೋಗಿಯ ಭಾಷೆ ಗೊತ್ತು. ಆಯಾಗೆ ಗೊತ್ತು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ತಂದ ಆಶಾ ಕಾರ್ಯಕರ್ತೆ ಅದೇ ಊರಿನವಳೇ ಆಗಿರಬೇಕು ಅನ್ನೋದು ನಿಯಮ. ಅವಳಿಗೆ ಸಂಬಳವಿಲ್ಲ, ಗೌರವಧನ. ಮೇಲಕ್ಕೆ ಹೋದಂತೆ ಸಂಬಳ ಏರುತ್ತದೆ, ರೋಗಿಯ ಭಾಷೆ ಬೇಕೆನ್ನುವ ಒತ್ತಾಯ ಇಳಿಯುತ್ತದೆ. ಭಾಷೆ ಬಲ್ಲವಳಿಗೆ ಅಧಿಕಾರವಿಲ್ಲ, ಅಧಿಕಾರವುಳ್ಳವನಿಗೆ ಭಾಷೆ ಬೇಕಿಲ್ಲ. ಮಧ್ಯದ ಕಂದಕವನ್ನು ಆಯಾ, ಆಶಾ ಬಿಟ್ಟಿಯಾಗಿ ತುಂಬುತ್ತಿದ್ದಾರೆ. ದುಭಾಷಿಯ ಕೆಲಸವೂ ಒಂದು ಬಿಟ್ಟಿ ಚಾಕರಿಯೇ.

ಎರಡನೇ ಮಾತು. 1955ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಭಾಷಾವಾರು ರಾಜ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಎಚ್ಚರಿಕೆ ಕೊಟ್ಟಿದ್ದರು. ಒಂದು ರಾಜ್ಯಕ್ಕೆ ಒಂದು ಭಾಷೆ ಇರಲಿ ಅಂದವರು ಅವರೇ. ಅಲ್ಲಿ ಸಂಖ್ಯೆಯಲ್ಲಿ ದೊಡ್ಡದಾದ ಜಾತಿ ಸಣ್ಣ ಜಾತಿಗಳನ್ನು ತುಳಿಯಬಹುದು ಅಂದವರೂ ಅವರೇ. ಕನ್ನಡ ಚೆನ್ನಾಗಿ ಬರುವ ವೈದ್ಯ ಕೇರಿಯವನ ನಾಡಿ ಮುಟ್ಟಲು ಹಿಂದುಮುಂದು ನೋಡಿದರೆ ಆ ಕನ್ನಡ ಯಾರಿಗೆ ಬೇಕು? ಊರ ಯಜಮಾನ ಬಂದರೆ 'ಬನ್ನಿ, ಕೂತ್ಕೊಳ್ಳಿ', ನಮ್ಮ ಅಪ್ಪ ಬಂದರೆ 'ಏನೋ, ಎಷ್ಟು ಕುಡಿದಿದ್ದೀಯೋ'. ಈ ಏಕವಚನ ಬಹುವಚನಗಳನ್ನು ತಪ್ಪಿಲ್ಲದೆ ಬಳಸುವುದು ಅಚ್ಚ ಕನ್ನಡದವನಿಗೇ ಬರುವ ವಿದ್ಯೆ! ಹೊರಗಿನಿಂದ ಬಂದ ನರ್ಸಮ್ಮ ಮುರುಕು ಕನ್ನಡದಲ್ಲಿ 'ಅಪ್ಪಾಜಿ, ಎಲ್ಲಿ ನೋವು?' ಅಂದಾಗ ನಮ್ಮವರ ಕಣ್ಣು ತುಂಬುತ್ತದೆ. ಪರೀಕ್ಷೆ ಇಡುವವರು ಇದನ್ನೂ ಪರೀಕ್ಷೆ ಮಾಡಲಿ.

ಮೂರನೇದು, ಯಾವ ಕನ್ನಡ? ಪ್ರಬಂಧ, ಸಾರಾಂಶ, ಭಾಷಾಂತರ ಬರೆಸುವ ಕನ್ನಡ ಪತ್ರಿಕೆ ಗುಮಾಸ್ತನಿಗೆ ಸರಿ. ವೈದ್ಯನಿಗೆ ಬೇಕಾದ್ದು ಜೋಮು, ಸಂಕಟ, ಉಬ್ಬಸ, ಬಿಳಿ ಸೆರಗು, ಮುಟ್ಟು ನಿಂತದ್ದು, 'ಎದಿ ಹಿಡದಂಗ ಆಗೇತ್ರಿ' ಅನ್ನೋ ಮಾತು ಕಿವಿಗೆ ಬಿದ್ದರೆ ಅರ್ಥವಾಗುವ ಶಕ್ತಿ. ಮನೋರೋಗಕ್ಕಂತೂ ರೋಗಿಯ ಮಾತೇ ಸ್ಟೆತಸ್ಕೋಪು. 2019ರ ಹೊಸ ಎಂ.ಬಿ.ಬಿ.ಎಸ್. ಪಠ್ಯಕ್ರಮ ಮೊದಲ ತಿಂಗಳಿನ ಬುನಾದಿ ತರಗತಿಯಲ್ಲಿ ಸ್ಥಳೀಯ ಭಾಷೆ ಸೇರಿಸಿದ್ದು ಒಳ್ಳೆಯದೇ. ಆದರೆ ರೋಗಿಯ ಮುಖವನ್ನೇ ನೋಡದ ಮೊದಲ ತಿಂಗಳಲ್ಲಿ ಕಲಿತದ್ದು ವಾರ್ಡಿಗೆ ಬರುವ ಹೊತ್ತಿಗೆ ಎಷ್ಟು ಉಳಿದೀತು?

ನಾಲ್ಕನೇದು, ಕನ್ನಡವೂ ಕೆಲವರಿಗೆ ದೊರೆಯ ಭಾಷೆ. ತಾಂಡಾದ ಲಂಬಾಣಿ ಮುದುಕಿ, ಕೋಲಾರದ ತೆಲುಗು ಮಾತಿನ ಕೂಲಿ ಹೆಣ್ಣು, ಕಲಬುರ್ಗಿಯ ಉರ್ದು ಮಾತಿನ ಬೀಡಿ ಕಟ್ಟುವವಳು ನಮ್ಮ ಆಸ್ಪತ್ರೆಗೇ ಬರುತ್ತಾರೆ. ಗಡಿಯಾಚೆ ಕಾಸರಗೋಡಿನಲ್ಲಿ ಕನ್ನಡಿಗರು ಅಲ್ಪಸಂಖ್ಯಾತರು. ಅಲ್ಲಿ ಕೇರಳ ಸರ್ಕಾರ ಕೆಲವು ಹುದ್ದೆಗಳನ್ನು ಮಲಯಾಳಂ ಜೊತೆ ಕನ್ನಡವನ್ನೂ ಬಲ್ಲವರಿಗೆ ಅಂತ ಇಟ್ಟಿದೆ. ಅಲ್ಲಿ ನಾವು ಕೇಳುವ ನ್ಯಾಯವನ್ನು ಇಲ್ಲಿ ಲಂಬಾಣಿಗರಿಗೆ ಕೊಡಬೇಡವೆ? 2021ರಲ್ಲಿ ದೆಹಲಿಯ ಒಂದು ಸರ್ಕಾರಿ ಆಸ್ಪತ್ರೆ ನರ್ಸುಗಳು ಮಲಯಾಳಂ ಮಾತಾಡಕೂಡದು ಅಂತ ಸುತ್ತೋಲೆ ಹೊರಡಿಸಿ, ಪ್ರತಿಭಟನೆ ಎದ್ದಮೇಲೆ ವಾಪಸು ತಗೊಂಡಿತು. ರೋಗಿಯ ಭಾಷೆ ಕಲಿ ಅನ್ನೋದು ನ್ಯಾಯ. ನಿನ್ನ ಭಾಷೆ ನುಂಗು ಅನ್ನೋದು ದಬ್ಬಾಳಿಕೆ.

*

ಹಾಗಾಗಿ ನಾವು ಕೇಳೋದು ಇಷ್ಟು. ಭಾಷೆಯ ಅರ್ಹತೆ ಇರಲಿ, ಅದು ಬಾಯಿಮಾತಿನ ಪರೀಕ್ಷೆಯಾಗಲಿ. ಬೆಂಚಿನ ಮೇಲಿನ ರೋಗಿಯ ಮಾತು ತಿಳಿಯುತ್ತದೆಯೇ, ಮಾತ್ರೆ ನುಂಗುವುದನ್ನು ಅವಳಿಗೆ ತಿಳಿಯುವಂತೆ ಹೇಳಲು ಬರುತ್ತದೆಯೇ ಅಂತ ನೋಡಲಿ. ಕಲಿಸುವ ಹೊಣೆ ಸರ್ಕಾರದ್ದಾಗಲಿ. ಆ ತಾಲ್ಲೂಕಿನ ಎರಡನೇ ಭಾಷೆ ಬಲ್ಲವರಿಗೂ ಮನ್ನಣೆ ಸಿಗಲಿ. ಭಾಷೆಯ ನೆಪ ಹೇಳಿ ಮೀಸಲು ಹುದ್ದೆಗಳನ್ನು ಖಾಲಿ ಬಿಡುವುದು ಬೇಡ. ಕೇರಿಯ, ತಾಂಡಾದ, ಹಟ್ಟಿಯ ಮಕ್ಕಳು ವೈದ್ಯರಾಗಿ ಬಂದರೆ ಆ ಮಾತು ಅವರಿಗೆ ಹುಟ್ಟಿನಿಂದಲೇ ಗೊತ್ತಿರುತ್ತದೆ, ಪರೀಕ್ಷೆ ಬೇಕಾಗುವುದಿಲ್ಲ.

1835ರಲ್ಲಿ ಭಾಷೆಯನ್ನು ಹೊಸ್ತಿಲಲ್ಲಿ ಕಾವಲಿಗೆ ನಿಲ್ಲಿಸಿದರು. ನಮ್ಮನ್ನು ಹೊರಗಿಡಲು ಬಳಸಿದ ಅದೇ ಷರತ್ತನ್ನು ನಾವು ತಿರುಗಿಸಿ ಹಿಡಿಯಬೇಕಾಗಿದೆ. ಆಗ ಕೇಳಿದ್ದು ವೈದ್ಯನಾಗುವವನಿಗೆ ದೊರೆಯ ಭಾಷೆ ಬರುತ್ತದೆಯೆ ಅಂತ. ಈಗ ಕೇಳಬೇಕಾದ್ದು, ಹೊಟ್ಟೇಲಿ ಸಂಕಟ ಅಂದವಳ ಮಿಕ್ಕ ಮೂರು ಮಾತನ್ನೂ ಕೇಳುವ ಕಿವಿ ಅವನಿಗಿದೆಯೆ ಅಂತ.