ಬೀದಿ ತಂತಿಗಳನ್ನು ನೆಲಕ್ಕಿಳಿಸುವ ನಗರ ನಿಧಿಗಳು

ಕಂಬದ ಮೇಲೆ ಹಾದುಹೋಗುವ ವಿದ್ಯುತ್, ದೂರವಾಣಿ ಮತ್ತು ಕೇಬಲ್ ಟಿ.ವಿ. ತಂತಿಗಳನ್ನು ತೆಗೆದು, ನೆಲದೊಳಗೆ ಪೈಪು ಹೂತು, ಅದರಲ್ಲಿ ಕೇಬಲ್ ಎಳೆಯುವ ಕೆಲಸಕ್ಕೆ ನಗರಾಡಳಿತ ಹಣ ಹೊಂದಿಸುವ ವ್ಯವಸ್ಥೆ. ಹೊಸ ಬಡಾವಣೆಯಲ್ಲಿ ಇದು ತೊಡಕಿನ ವಿಷಯವಲ್ಲ. ಬಡಾವಣೆ ಮಾಡುವವರು ಚರಂಡಿ, ನೀರಿನ ಪೈಪಿನ ಜೊತೆಯಲ್ಲೇ ಕೇಬಲನ್ನೂ ಹೂತು, ಖರ್ಚನ್ನು ನಿವೇಶನದ ಬೆಲೆಗೆ ಸೇರಿಸಿಬಿಡುತ್ತಾರೆ. ತೊಡಕೆಲ್ಲ ಇರುವುದು ಜನ ಆಗಲೇ ಬಾಳುತ್ತಿರುವ ಹಳೆಯ ಬೀದಿಗಳಲ್ಲಿ. ಅಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿರುವ ತಂತಿಯನ್ನು ಬಿಚ್ಚಿ, ಅದೇ ಕರೆಂಟನ್ನು ಹಲವು ಪಟ್ಟು ಖರ್ಚಿನಲ್ಲಿ ಕೆಳಗಿನಿಂದ ಕೊಡಬೇಕು. ಆ ಖರ್ಚನ್ನು ಕಂಪನಿ ಹೊರಬೇಕೇ, ಊರು ಹೊರಬೇಕೇ, ಬೀದಿಯವರೇ ಹೊರಬೇಕೇ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಈ ಮೂರನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪ್ರಯೋಗಿಸಿ ನೋಡಿದೆ. ಅಲ್ಲಿನ ಸ್ಯಾನ್ ಡಿಯೇಗೊ ನಗರದ ಪದ್ಧತಿ ಈ ಲೇಖನದ ಮುಖ್ಯ ವಸ್ತು.

ಹಿನ್ನೆಲೆ

ವಿದ್ಯುತ್ ತಂತಿ ಮೊದಲು ಕಂಬದ ಮೇಲಿತ್ತು, ಆಮೇಲೆ ನೆಲಕ್ಕಿಳಿಯಿತು ಎಂಬ ತಿಳಿವಳಿಕೆ ಪೂರ್ತಿ ಸರಿಯಲ್ಲ. 1882ರ ಸೆಪ್ಟೆಂಬರಿನಲ್ಲಿ ಥಾಮಸ್ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ದೀಪಗಳಿಗೆ ವಿದ್ಯುತ್ ಕೊಡಲಾರಂಭಿಸಿದಾಗ ಅದರ ತಂತಿಗಳೆಲ್ಲ ಬೀದಿಯ ಕೆಳಗೇ ಇದ್ದವು. ಕಂಬಗಳನ್ನು ಆವರಿಸಿದ್ದವರು ತಂತಿ ಸಮಾಚಾರದ ಕಂಪನಿಗಳು, ದೂರವಾಣಿಯವರು ಮತ್ತು ಆರ್ಕ್ ದೀಪಗಳಿಗೆ ಹೆಚ್ಚು ವೋಲ್ಟೇಜಿನ ವಿದ್ಯುತ್ ಕೊಡುತ್ತಿದ್ದವರು. 1884ರಲ್ಲೇ ನ್ಯೂಯಾರ್ಕ್ ರಾಜ್ಯ ದೊಡ್ಡ ನಗರಗಳ ತಂತಿಗಳು ನೆಲದಡಿಗೆ ಹೋಗಬೇಕೆಂದು ಕಾನೂನು ಮಾಡಿತು. ಕಂಪನಿಗಳು ಕೋರ್ಟಿಗೆ ಹೋಗಿ ಕಾಲ ತಳ್ಳಿದವು. 1888ರ ಮಾರ್ಚಿನ ಹಿಮಬಿರುಗಾಳಿಗೆ ಕಂಬಗಳು ಸಾಲುಸಾಲಾಗಿ ಉರುಳಿದರೂ ಕೆಲಸ ಚುರುಕಾಗಲಿಲ್ಲ. 1889ರ ಅಕ್ಟೋಬರ್ 11ರಂದು ಜಾನ್ ಫೀಕ್ಸ್ ಎಂಬ ಲೈನ್‌ಮನ್ ಹಾಡಹಗಲಲ್ಲೇ ಕಂಬದ ಮೇಲೆ, ನೆರೆದ ಜನರ ಕಣ್ಣೆದುರು, ತಂತಿಗಳ ನಡುವೆ ಸಿಕ್ಕಿ ಸುಟ್ಟು ಸತ್ತರು. ಅವರ ದೇಹವನ್ನು ಕೆಳಗಿಳಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು. ಅವರ ಹೆಂಡತಿಗೆಂದು ಜನ ಆ ಕಂಬಕ್ಕೇ ಡಬ್ಬಿ ಕಟ್ಟಿ ಹಣ ಕೂಡಿಸಿದರು. ಆ ಸಾವಿನ ನಂತರ ನಗರ ಗಟ್ಟಿ ಮನಸ್ಸು ಮಾಡಿ ಕಂಬಗಳನ್ನು ಸಾರಾಸಗಟಾಗಿ ಕಡಿಸಿತು. ಕಾನೂನು ಬಂದು ಐದು ವರ್ಷವಾಗಿತ್ತು.

ನಗರದ ನಡುಭಾಗದ ತಂತಿಗಳು ಹೀಗೆ ನೆಲ ಸೇರಿದರೂ ಅಮೆರಿಕದ ವಸತಿ ಬೀದಿಗಳು ಮರದ ಕಂಬಗಳಲ್ಲೇ ಉಳಿದವು. 1960ರ ದಶಕದಲ್ಲಿ ಊರ ಅಂದಚೆಂದದ ಬಗ್ಗೆ ದೇಶದಲ್ಲಿ ಹೊಸ ಕಾಳಜಿ ಎದ್ದಾಗ ಈ ಬೀದಿಗಳ ಪ್ರಶ್ನೆ ಮೇಲೆ ಬಂತು.

ಇಪ್ಪತ್ತನೆಯ ನಿಯಮ

1967ರಲ್ಲಿ ಕ್ಯಾಲಿಫೋರ್ನಿಯಾದ ಸಾರ್ವಜನಿಕ ಸೇವೆಗಳ ಆಯೋಗ ವಿದ್ಯುತ್ ಕಂಪನಿಗಳಿಗೆ 20ನೆಯ ನಿಯಮ ಎಂದು ಹೆಸರಾದ ಕಟ್ಟಳೆಯನ್ನು ತಂದಿತು. ಅದರ ಎ ಭಾಗದ ಪ್ರಕಾರ, ಆಯಾ ಕಂಪನಿಯ ಗ್ರಾಹಕರೆಲ್ಲರ ದರದಿಂದ ಬಂದ ಹಣದಲ್ಲಿ ಪ್ರತಿ ನಗರಕ್ಕೂ ವರ್ಷವರ್ಷ ಒಂದಿಷ್ಟು ಪಾಲು ಲೆಕ್ಕದ ಪುಸ್ತಕದಲ್ಲಿ ಜಮೆಯಾಗುತ್ತಿತ್ತು. ಅದನ್ನು ಎಲ್ಲೆಂದರಲ್ಲಿ ಬಳಸುವಂತಿರಲಿಲ್ಲ. ತಂತಿಗಳು ವಿಪರೀತ ದಟ್ಟವಾಗಿರುವ ಕಡೆ, ವಾಹನ ಸಂಚಾರ ಹೆಚ್ಚಿರುವ ರಸ್ತೆ, ನೋಡತಕ್ಕ ದೃಶ್ಯವಿರುವ ಜಾಗ ಮುಂತಾದ ಷರತ್ತುಗಳಿದ್ದವು. ಬಿ ಭಾಗದಲ್ಲಿ ಕಂಪನಿಯ ಪಾಲು ಚಿಕ್ಕದು: ಅಲ್ಲಿ ಹೊಸದಾಗಿ ಕಂಬದ ಲೈನು ಹಾಕಿದ್ದರೆ ಎಷ್ಟಾಗುತ್ತಿತ್ತೋ ಅಷ್ಟನ್ನು ಅದು ಕೊಡುತ್ತದೆ, ಮಿಕ್ಕದ್ದು ಕೇಳಿದವರದು. ರಸ್ತೆಯ ಎರಡೂ ಬದಿಯಲ್ಲಿ ಕನಿಷ್ಠ ಒಂದು ಬ್ಲಾಕ್ ಅಥವಾ 600 ಅಡಿ, ಎರಡರಲ್ಲಿ ಚಿಕ್ಕದಾದಷ್ಟು ಉದ್ದದ ಕೆಲಸವಾಗಿರಬೇಕು. ಸಿ ಭಾಗದಲ್ಲಿ ಹೆಚ್ಚುಕಡಿಮೆ ಎಲ್ಲ ಖರ್ಚೂ ಅರ್ಜಿದಾರರ ಮೇಲೆ. ಕಾಳ್ಗಿಚ್ಚಿನ ಅಪಾಯವಿರುವ ಪ್ರದೇಶಗಳಿಗಾಗಿ ಡಿ ಭಾಗ ಬಹಳ ತಡವಾಗಿ ಸೇರಿತು.

ಎ ಭಾಗದ ಲೋಪ ಅದರ ಲೆಕ್ಕದಲ್ಲೇ ಇತ್ತು. ದುಡ್ಡು ಕೊಡುವವರು ಎಲ್ಲರೂ. ಕೆಲಸ ಮಾಡಿಸಿಕೊಂಡವರು ಎಂಜಿನಿಯರು, ಸಿಬ್ಬಂದಿ, ಕಾಗದಪತ್ರಗಳ ಬಲ ಇದ್ದ ಊರಿನವರು. ಸಣ್ಣ ಮತ್ತು ಬಡ ಊರುಗಳ ಪಾಲು ವರ್ಷಗಟ್ಟಲೆ ಬಳಕೆಯಾಗದೆ ಬಿದ್ದಿರುತ್ತಿತ್ತು. ಕೆಲವು ಊರುಗಳು ತಮ್ಮ ಪಾಲನ್ನು ಬೇರೆ ಊರಿಗೆ ರಿಯಾಯಿತಿ ಬೆಲೆಯಲ್ಲಿ ಮಾರಿದ್ದೂ ಉಂಟು. ಬಡ ಊರಿನ ಬಿಲ್ಲಿನ ಹಣ ಸಿರಿವಂತ ಊರಿನ ಸಮುದ್ರದ ನೋಟವನ್ನು ತಂತಿಯಿಂದ ಬಿಡಿಸಲು ಹೋಗುವುದು ನ್ಯಾಯವಲ್ಲ. ಈ ಮಾತನ್ನು ಆಯೋಗಕ್ಕೆ ಹಲವರು ಹೇಳಿದರು. 2021ರ ಜೂನಿನಲ್ಲಿ ಆಯೋಗ, 2022ರ ಕೊನೆಯ ಬಳಿಕ ಎ ಭಾಗದಲ್ಲಿ ಹೊಸ ಜಮೆ ಇಲ್ಲವೆಂದು ತೀರ್ಮಾನಿಸಿತು.

ಸ್ಯಾನ್ ಡಿಯೇಗೊ

ಎ ಭಾಗದ ಪಾಲನ್ನೇ ನಂಬಿ ಕೂತರೆ ಊರಿನ ಒಳಬೀದಿಗಳ ಸರದಿ ಬರುವ ಹೊತ್ತಿಗೆ ತಲೆಮಾರುಗಳೇ ಕಳೆಯುತ್ತವೆಂದು ಸ್ಯಾನ್ ಡಿಯೇಗೊ ಮನಗಂಡಿತು. ನಗರದ ಬೀದಿಗಳಲ್ಲಿ ತಂತಿ ಎಳೆಯುವ ಹಕ್ಕನ್ನು ಸ್ಯಾನ್ ಡಿಯೇಗೊ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿಗೆ ಕೊಟ್ಟಿದ್ದ 1970ರ ಒಪ್ಪಂದವನ್ನು ತಿದ್ದಿ, ಆ ಹಕ್ಕಿನ ಶುಲ್ಕಕ್ಕೆ ಶೇಕಡಾ 3.53ರ ಸರ್‌ಚಾರ್ಜ್ ಸೇರಿಸಲಾಯಿತು. ಆಯೋಗದ ಒಪ್ಪಿಗೆ 2002ರ ಡಿಸೆಂಬರಿನಲ್ಲಿ ಸಿಕ್ಕಿತು. ಮರುವರ್ಷದಿಂದ ವಸೂಲಿ ಶುರುವಾಯಿತು. ನೂರು ಡಾಲರಿನ ವಿದ್ಯುತ್ ಬಳಸಿದ ಮನೆ ಸುಮಾರು ಮೂರೂವರೆ ಡಾಲರ್ ಕೊಡುತ್ತದೆ. ಕಂಪನಿ ಅದನ್ನು ಬಿಲ್ಲಿನಲ್ಲಿ ವಸೂಲು ಮಾಡಿ ನಗರಕ್ಕೆ ಒಪ್ಪಿಸುತ್ತದೆ. ನಗರ ಅದನ್ನು ಬೇರೆ ಖಾತೆಯಲ್ಲಿಟ್ಟು ತಂತಿ ಇಳಿಸುವ ಕೆಲಸಕ್ಕೆ ಮಾತ್ರ ವೆಚ್ಚ ಮಾಡಬೇಕು.

ಈ ಏರ್ಪಾಟಿನ ನಿಜವಾದ ಗುಣ ಇರುವುದು ಮನೆಯ ಅಂಗಳದಲ್ಲಿ. ಬೇರೆ ಪದ್ಧತಿಗಳಲ್ಲಿ ಬೀದಿಯ ಕೆಲಸ ಮುಗಿದ ಮೇಲೂ ರಸ್ತೆಯಿಂದ ಮೀಟರ್ ಬೋರ್ಡಿನವರೆಗಿನ ಅಗೆತ, ಬೋರ್ಡಿನ ಬದಲಾವಣೆ ಮನೆಯವರ ತಲೆಗೇ ಬರುತ್ತದೆ. ನಿವೃತ್ತಿ ವೇತನದಲ್ಲಿ ಬದುಕುವ ಮುದುಕರಿಗೆ ಅದು ಸಣ್ಣ ಮೊತ್ತವಲ್ಲ. ಸ್ಯಾನ್ ಡಿಯೇಗೊದಲ್ಲಿ ಅದನ್ನೂ ನಿಧಿಯೇ ಭರಿಸುತ್ತದೆ. ಕಂಬ ಹೋದರೆ ಅದಕ್ಕೆ ಕಟ್ಟಿದ್ದ ಬೀದಿದೀಪವೂ ಹೋಗುತ್ತದಲ್ಲ, ಆ ದೀಪಗಳಿಗೆ ಹೊಸ ಕಂಬ, ಅಗೆದ ರಸ್ತೆಗೆ ಡಾಂಬರು, ಕಾಲುದಾರಿಯ ಮೂಲೆಗಳಿಗೆ ಗಾಲಿಕುರ್ಚಿ ಹತ್ತುವ ಇಳಿಜಾರು, ಬೀದಿಗೆ ಮರಗಳು, ಇವೂ ಅದೇ ಕೆಲಸದಲ್ಲಿ ಸೇರುತ್ತವೆ.

ಇದು ತೆರಿಗೆಯೋ ಶುಲ್ಕವೋ ಎಂಬ ವಿವಾದ ಕೋರ್ಟಿಗೂ ಹೋಯಿತು. ಕ್ಯಾಲಿಫೋರ್ನಿಯಾದ ಸಂವಿಧಾನಕ್ಕೆ 1996ರಲ್ಲಿ ಮತದಾರರು ಸೇರಿಸಿದ 218ನೆಯ ಪ್ರಸ್ತಾವದಂತೆ, ಸ್ಥಳೀಯ ತೆರಿಗೆ ಹಾಕಲು ಜನಮತ ಬೇಕು. ಸರ್‌ಚಾರ್ಜಿಗೆ ಜನಮತ ಪಡೆದಿರಲಿಲ್ಲ. ಬೀದಿಯನ್ನು ಬಳಸುವ ಹಕ್ಕಿಗೆ ಪ್ರತಿಯಾಗಿ ಕೊಡುವ ಹಣ ಆ ಹಕ್ಕಿನ ಬೆಲೆಗೆ ತಕ್ಕಷ್ಟಿದ್ದರೆ ಅದು ತೆರಿಗೆಯಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟು 2017ರಲ್ಲಿ ಸಾಂಟಾ ಬಾರ್ಬರಾ ನಗರದ ಮೊಕದ್ದಮೆಯಲ್ಲಿ ಹೇಳಿತ್ತು. ಅದೇ ನೆಲೆಯ ಮೇಲೆ 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಸ್ಯಾನ್ ಡಿಯೇಗೊದ ಪರವಾಗಿ ತೀರ್ಪು ಕೊಟ್ಟಿತು.

ಕಾನೂನು ಗೆದ್ದಿತು ಎಂದರೆ ಜನರ ದೂರು ಮುಗಿಯಿತು ಎಂದಲ್ಲ. ನಗರವನ್ನು ಬ್ಲಾಕ್‌ಗಳಾಗಿ ವಿಂಗಡಿಸಿ ಕೌನ್ಸಿಲ್ ಜಿಲ್ಲೆವಾರು ಸರದಿ ಗೊತ್ತುಮಾಡಿದ್ದಾರೆ. ನೂರಾರು ಮೈಲಿ ತಂತಿ ಇಳಿದಿದೆ. ಇನ್ನೂ ನೂರಾರು ಮೈಲಿ ಮೇಲೇ ಇದೆ. ಮೊದಲ ತಿಂಗಳಿಂದ ಸರ್‌ಚಾರ್ಜ್ ಕಟ್ಟಿ, ತನ್ನ ಬೀದಿಯ ಕಂಬ ಬೀಳುವುದನ್ನು ನೋಡದೆ ಮನೆ ಮಾರಿ ಹೋದವರು ಎಷ್ಟೋ ಮಂದಿ. ಎಲ್ಲರಿಂದಲೂ ಸ್ವಲ್ಪ ಸ್ವಲ್ಪ ಕೂಡಿಸುವ ಪದ್ಧತಿಯಲ್ಲಿ ಈ ಕಾಯುವಿಕೆ ತಪ್ಪಿದ್ದಲ್ಲ. ಆದರೆ ಕಾಯುವವನಿಗೆ ತನ್ನ ಸರದಿ ಎಷ್ಟನೆಯದು ಎಂಬುದಾದರೂ ಬಹಿರಂಗವಾಗಿ ತಿಳಿದಿರಬೇಕು. ಆ ಪಟ್ಟಿಯನ್ನು ತೆರೆದಿಡುವುದು ಹಣ ವಸೂಲಿಗಿಂತ ಕಡಿಮೆ ಹೊಣೆಯೇನಲ್ಲ.

ಕೆಲಸ ನಡೆಯುವ ಬಗೆ

ಮೊದಲು ಬಹಿರಂಗ ವಿಚಾರಣೆ ನಡೆದು ಬೀದಿಯನ್ನು ನೆಲದಡಿ ವಲಯವೆಂದು ಘೋಷಿಸಬೇಕು. ಆಮೇಲೆ ಪ್ರತಿ ಮನೆಯ ಒಡೆಯರು ತಮ್ಮ ಜಾಗದೊಳಗೆ ಅಗೆಯಲು ಒಪ್ಪಿಗೆಪತ್ರಕ್ಕೆ ಸಹಿ ಹಾಕಬೇಕು. ಒಬ್ಬರು ತಡಮಾಡಿದರೆ ಬೀದಿಯೆಲ್ಲ ಕಾಯುತ್ತದೆ. ರಸ್ತೆಯಲ್ಲಿ ಕಾಲುವೆ ತೋಡಿ, ಪೈಪುಗಳನ್ನು ಸಾಲಾಗಿ ಇಟ್ಟು ಮುಚ್ಚುತ್ತಾರೆ. ಕೇಬಲ್ ಎಳೆದು ಪರೀಕ್ಷಿಸಿದ ಮೇಲೆ ಮನೆಮನೆಗೆ ಹೋಗಿ ಕರೆಂಟನ್ನು ಮೇಲಿನಿಂದ ಕೆಳಗಿನ ಸಂಪರ್ಕಕ್ಕೆ ಬದಲಿಸುತ್ತಾರೆ. ಇಷ್ಟಾದ ಮೇಲೂ ಕಂಬ ನಿಂತೇ ಇರುತ್ತದೆ, ಏಕೆಂದರೆ ದೂರವಾಣಿಯವರು, ಕೇಬಲ್ ಟಿ.ವಿ.ಯವರು ತಮ್ಮ ತಮ್ಮ ತಂತಿಗಳನ್ನು ಇಳಿಸಬೇಕು. ಕೊನೆಯ ತಂತಿ ಬಿಚ್ಚುವ ತನಕ ಕಂಬ ಕೀಳುವಂತಿಲ್ಲ. ವಿದ್ಯುತ್ ತಂತಿಯೇ ಇಲ್ಲದ ಕಂಬವೊಂದು ಕಪ್ಪು ಕೇಬಲ್ಲಿನ ಒಂದೇ ಎಳೆಗಾಗಿ ತಿಂಗಳುಗಟ್ಟಲೆ ನಿಂತಿರುವುದು ಇಂಥ ಬೀದಿಗಳಲ್ಲಿ ಸಾಮಾನ್ಯ ನೋಟ.

ಕಂಬದ ಮೇಲಿದ್ದ ಟ್ರಾನ್ಸ್‌ಫಾರ್ಮರ್ ಎಲ್ಲಿ ಹೋಗುತ್ತದೆ ಎಂಬುದು ಬೀದಿಯವರಿಗೆ ಬಹುಮಟ್ಟಿಗೆ ಕೊನೆಯಲ್ಲೇ ಹೊಳೆಯುತ್ತದೆ. ಅದು ಹಸಿರು ಬಣ್ಣದ ಕಬ್ಬಿಣದ ಪೆಟ್ಟಿಗೆಯಾಗಿ ಯಾರದೋ ಮನೆಯ ಮುಂದೆ ಕೂರುತ್ತದೆ. ತಂತಿ ಹೋಗಲಿ ಎಂದು ಎಲ್ಲರಿಗಿಂತ ಮುಂದೆ ನಿಂತವರ ಗೇಟಿನ ಪಕ್ಕಕ್ಕೇ ಪೆಟ್ಟಿಗೆ ಬಂದಾಗ ಆಗುವ ಜಗಳಗಳು ಸಣ್ಣವಲ್ಲ. ಭಾರಿ ವೋಲ್ಟೇಜಿನ ಸಾಗಣೆ ಲೈನುಗಳು ಸಾಮಾನ್ಯವಾಗಿ ಈ ಯೋಜನೆಗಳಲ್ಲಿ ಸೇರುವುದಿಲ್ಲ.

ನೆಲದಡಿಯ ಕೇಬಲ್ ಗಾಳಿ, ಮರದ ಕೊಂಬೆ, ವಾಹನದ ಡಿಕ್ಕಿಗಳಿಂದ ಪಾರಾಗುತ್ತದೆ. ಕೆಟ್ಟರೆ ಮಾತ್ರ ದೋಷದ ಜಾಗವನ್ನು ಹುಡುಕಿ, ಅಗೆದು, ಸರಿಪಡಿಸಲು ಹೆಚ್ಚು ಸಮಯ ಬೇಕು. ನೀರು ನುಗ್ಗಿದರೆ ಅದಕ್ಕೂ ಅಪಾಯ: 2012ರ ಸ್ಯಾಂಡಿ ಚಂಡಮಾರುತದಲ್ಲಿ ನ್ಯೂಯಾರ್ಕಿನ ನೆಲದಡಿ ಉಪಕರಣಗಳು ಉಪ್ಪುನೀರಿನಲ್ಲಿ ಮುಳುಗಿದವು.

ಬೀದಿಯವರೇ ಕೊಡುವ ಪದ್ಧತಿ

ನಗರ ನಿಧಿ ಇಲ್ಲದ ಕಡೆ ಬೀದಿಯ ಮನೆಯವರು ಸೇರಿ ಸುಧಾರಣಾ ವಲಯ ರಚಿಸಿಕೊಳ್ಳಬಹುದು. ಊರು ಅವರ ಹೆಸರಿನಲ್ಲಿ ಬಾಂಡ್ ಮಾರಿ ಕೆಲಸ ಮಾಡಿಸುತ್ತದೆ. ಪ್ರತಿ ಮನೆಯೂ ತನಗಾಗುವ ಲಾಭದ ಪ್ರಮಾಣದಲ್ಲಿ ವರ್ಷವರ್ಷ ಕಂತು ಕಟ್ಟುತ್ತದೆ. ಮತವನ್ನೂ ಕಟ್ಟುವ ಮೊತ್ತದ ತೂಕದಲ್ಲೇ ಎಣಿಸುತ್ತಾರೆ. ಹಣವಂತರ ಬೀದಿಗಳಿಗೆ ಇದು ಒಪ್ಪುತ್ತದೆ.

ಓಕ್‌ಲ್ಯಾಂಡ್ ನಗರದ ನಡುವೆ ಇರುವ ಪೀಡ್‌ಮಾಂಟ್ ಎಂಬ ಸಣ್ಣ, ಅನುಕೂಲಸ್ಥ ಊರು ಈ ದಾರಿ ಹಿಡಿದು ಕಲಿತ ಪಾಠ ದುಬಾರಿಯಾಯಿತು. ಗುಡ್ಡದ ಬೀದಿಗಳಲ್ಲಿ ಕಾಲುವೆ ತೋಡುವಾಗ, ಅಂದಾಜಿನಲ್ಲಿ ಇಲ್ಲದ ಗಟ್ಟಿ ಬಂಡೆ ಸಿಕ್ಕಿತು. ಖರ್ಚು ಏರಿತು. ಮನೆಯವರು ಒಪ್ಪಿದ್ದ ಮೊತ್ತ ತೀರಿದ ಮೇಲೆ ಅಗೆದ ರಸ್ತೆಯನ್ನು ಹಾಗೇ ಬಿಡುವಂತಿರಲಿಲ್ಲ. ಊರಿನ ಸಾಮಾನ್ಯ ನಿಧಿಯಿಂದ 20 ಲಕ್ಷ ಡಾಲರಿಗೂ ಹೆಚ್ಚು ಹಣ ಹೋಯಿತು. ಕೆಲವೇ ಬೀದಿಗಳ ಕೆಲಸಕ್ಕೆ ಊರವರೆಲ್ಲರ ಹಣ ಸುರಿದದ್ದಕ್ಕೆ ಉಳಿದ ಬೀದಿಗಳವರು ಕೆರಳಿದ್ದು ಸಹಜ. ನೆಲದೊಳಗೆ ಏನಿದೆಯೆಂದು ಕೊರೆದು ನೋಡದೆ ಮಾಡುವ ಅಂದಾಜಿಗೆ ಬೆಲೆಯಿಲ್ಲ. ಸಮುದ್ರತೀರದ ಲಗೂನಾ ಬೀಚಿನಲ್ಲಿ, ಬೆಂಕಿ ಬಿದ್ದಾಗ ಜನ ಊರು ಬಿಡುವ ರಸ್ತೆಗಳ ತಂತಿ ಇಳಿಸಲು ಮಾರಾಟ ತೆರಿಗೆ ಏರಿಸುವ ಪ್ರಸ್ತಾವ 2018ರಲ್ಲಿ ಮತಕ್ಕೆ ಹೋಗಿ ಸೋತಿತು. ಪ್ರಾಣದ ಪ್ರಶ್ನೆಯಿದ್ದಲ್ಲೂ ಹಣದ ಮಾತು ಅಷ್ಟು ಕಷ್ಟದ್ದು.

ಇತರ ನಗರಗಳು

ವಿದ್ಯುತ್ ಸಂಸ್ಥೆಯೇ ನಗರದ ಸ್ವತ್ತಾಗಿರುವ ಕಡೆ ದಾರಿ ಸಲೀಸು. ಕ್ಯಾಲಿಫೋರ್ನಿಯಾದ ಅನಾಹೈಮ್ 1990ರಿಂದ ತನ್ನ ಬಿಲ್ಲಿಗೆ ಶೇಕಡಾ 4 ಸೇರಿಸಿ ಈ ಕೆಲಸ ಮಾಡುತ್ತಿದೆ. ಕೊಲರಾಡೊದ ಫೋರ್ಟ್ ಕಾಲಿನ್ಸ್ ದಶಕಗಳ ಕಾಲ ಬಿಡದೆ ಅಗೆದು ತನ್ನ ವಿತರಣಾ ಜಾಲವನ್ನು ಹೆಚ್ಚುಕಡಿಮೆ ಪೂರ್ತಿ ನೆಲಕ್ಕಿಳಿಸಿದೆ. ವಾಷಿಂಗ್ಟನ್ ಡಿ.ಸಿ. 2012ರ ಜೂನಿನ ಬಿರುಗಾಳಿಯಲ್ಲಿ ದಿನಗಟ್ಟಲೆ ಕತ್ತಲಲ್ಲಿ ಕಳೆದ ಮೇಲೆ ಮತ್ತೊಂದು ದಾರಿ ಹಿಡಿಯಿತು: 2017ರಲ್ಲಿ ಅಂತಿಮಗೊಂಡ 50 ಕೋಟಿ ಡಾಲರಿನ ಯೋಜನೆಯಲ್ಲಿ ಅರ್ಧ ವಿದ್ಯುತ್ ಕಂಪನಿಯದು, ಅರ್ಧ ನಗರದ್ದು. ಅಲ್ಲಿ ಇಳಿಯುವುದು ಹೆಚ್ಚು ಕೆಡುವ ಫೀಡರುಗಳ ಮುಖ್ಯ ಲೈನು ಮಾತ್ರ. ಮನೆಗಳಿಗೆ ಹೋಗುವ ಸಣ್ಣ ತಂತಿ ಕಂಬದಲ್ಲೇ ಉಳಿಯುತ್ತದೆ. ಅಂದಕ್ಕಿಂತ ಭದ್ರತೆ ಮುಂದಿರಬೇಕೆಂಬುದು ಗುರಿಯಾದರೆ ಈ ಆಯ್ಕೆ ಸರಿಯಾದದ್ದು. ಎಲ್ಲವನ್ನೂ ಇಳಿಸಿದರೆ ಏನಾದೀತೆಂದು ಉತ್ತರ ಕ್ಯಾರೊಲಿನಾ ರಾಜ್ಯದ ಸಾರ್ವಜನಿಕ ಸೇವೆಗಳ ಆಯೋಗದ ಸಿಬ್ಬಂದಿ 2003ರಲ್ಲಿ ಲೆಕ್ಕ ಹಾಕಿದ್ದರು: ಸುಮಾರು 4,100 ಕೋಟಿ ಡಾಲರ್, 25 ವರ್ಷ, ಮನೆಗಳ ವಿದ್ಯುತ್ ದರದಲ್ಲಿ ಸುಮಾರು ಶೇಕಡಾ 125 ಏರಿಕೆ.

ಕರ್ನಾಟಕ

ಬೆಂಗಳೂರಿನಲ್ಲಿ ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂ 11 ಕೆ.ವಿ. ಲೈನುಗಳನ್ನು ದೊಡ್ಡ ಪ್ರಮಾಣದಲ್ಲಿ ನೆಲಕ್ಕಿಳಿಸುವ, ಕಡಿಮೆ ವೋಲ್ಟೇಜಿನ ಬರಿತಂತಿಯ ಬದಲು ಹೊದಿಕೆಯಿರುವ ಕೇಬಲ್ ಹಾಕುವ ಕೆಲಸ ಕೈಗೊಂಡಿದೆ. ರೆಸಿಡೆನ್ಸಿ ರಸ್ತೆ, ಮ್ಯೂಸಿಯಂ ರಸ್ತೆಯಂಥ ಟೆಂಡರ್‌ಶ್ಯೂರ್ ಯೋಜನೆಯ ರಸ್ತೆಗಳಲ್ಲಿ ರಸ್ತೆಯನ್ನೇ ಹೊಸದಾಗಿ ಕಟ್ಟುವಾಗ ಕಾಲುದಾರಿಯ ಕೆಳಗೆ ಕೇಬಲಿಗೆಂದು ಬೇರೆ ಪೈಪುಗಳನ್ನು ಇಟ್ಟರು. ಮತ್ತೆ ಅಗೆಯಬೇಕಿಲ್ಲದಂತೆ ನಡುನಡುವೆ ಚೇಂಬರು ಕಟ್ಟಿದರು. ಒಳಬೀದಿಗಳ ಪಾಡು ಬೇರೆ. ಅಲ್ಲಿ ಕರೆಂಟಿನ ತಂತಿ ಇಳಿದ ಮೇಲೂ ಇಂಟರ್ನೆಟ್‌ನವರ ಆಪ್ಟಿಕಲ್ ಫೈಬರ್ ಕೇಬಲಿನ (ಓ.ಎಫ್.ಸಿ.) ಸುರುಳಿಗಳು ಹೊಂಗೆ ಮರದ ಕೊಂಬೆಯಿಂದ ಕಾಲುದಾರಿಗೆ ಜೋಲುತ್ತವೆ.

2023ರ ನವೆಂಬರ್ 19ರ ಬೆಳಗಿನ ಜಾವ ವೈಟ್‌ಫೀಲ್ಡ್ ಬಳಿಯ ಹೋಪ್ ಫಾರ್ಮ್ ವೃತ್ತದಲ್ಲಿ, ಕಾಲುದಾರಿಯ ಮೇಲೆ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ತಾಯಿಯೊಬ್ಬಳು ಒಂಬತ್ತು ತಿಂಗಳ ಮಗುವಿನೊಂದಿಗೆ ಸತ್ತಳು. ಹೀಗೆ ತಂತಿ ಪ್ರಾಣ ತೆಗೆದರೂ ಬೆಂಗಳೂರಿನ ಬಿಲ್ಲಿನಲ್ಲಿ ತಂತಿ ಇಳಿಸುವುದಕ್ಕೆಂದು ಬೇರೆ ಸಾಲು ಇಲ್ಲ. ಆ ಖರ್ಚು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಕಂಪನಿ ಇಡುವ ಬಂಡವಾಳ ವೆಚ್ಚದೊಳಗೆ ಸೇರಿ, ಯೂನಿಟ್ ದರದಲ್ಲೇ ಬೆರೆತು ಬರುತ್ತದೆ. ತಂತಿ ಇಳಿಸಲು ರಸ್ತೆ ಅಗೆದದ್ದಕ್ಕೆ ನಗರಪಾಲಿಕೆಗೆ ಕಟ್ಟುವ ಶುಲ್ಕವೂ ಅದರಲ್ಲೇ ಸೇರಿರುತ್ತದೆ.