ಕಾಲು ಹಾರ್ಮೋನಿಯಂ ಯಾರದು?

ಗುಬ್ಬಿ, ಕುಣಿಗಲ್, ತುಮಕೂರಿನ ಸುತ್ತಲ ಹಳ್ಳಿಗಳಲ್ಲಿ ಈಗಲೂ ‘ಕುರುಕ್ಷೇತ್ರ’ ಕಟ್ಟುತ್ತಾರೆ. ಡ್ರಾಮಾ ಮೇಷ್ಟ್ರು ತಿಂಗಳುಗಟ್ಟಲೆ ಹಾರ್ಮೋನಿಯಂ ಮುಂದೆ ಕೂತು, ಹೊಲದಿಂದ ಬಂದವರಿಗೆ ಕಂದ, ವೃತ್ತ, ಹಾಡು ಕಲಿಸುತ್ತಾರೆ. ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದ ಮೇಲೂ ಹಳೆಯ ಕಾಲು ಹಾರ್ಮೋನಿಯಂ ಹುಡುಕಿಕೊಂಡು ಹೋಗುವವರಿದ್ದಾರೆ. ಪಾಲಿಶ್ ಹೋಗಿರಲಿ, ಮನೆಗಳು ಸವೆದಿರಲಿ, ಅವರಿಗೆ ಬೇಕಾದದ್ದು ಅದರ ನಾದ.

ಆ ನಾದ ಬಹಳ ದೂರದಿಂದ ಬಂದದ್ದು. 1840ರ ಸುಮಾರಿಗೆ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಪಾದ್ರಿಗಳು, ಇಂಗ್ಲಿಷ್ ಕುಟುಂಬಗಳು ಅದನ್ನು ಇಲ್ಲಿಗೆ ತಂದರು. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ಕೈಯಲ್ಲಿ ಗಾಳಿ ಹಾಕುವಂತೆ ಮಾರ್ಪಡಿಸಿದರು. ಭಜನೆಗೂ ಖವ್ವಾಲಿಗೂ ಅದೇ ಒದಗಿತು. ನಾಟಕದವರು ಮಾತ್ರ ಕಾಲಿನಲ್ಲಿ ತುಳಿಯುವುದನ್ನು ಬಿಡಲಿಲ್ಲ. ಎರಡೂ ಕೈ ನುಡಿಸುವುದಕ್ಕೆ ಸಿಗುತ್ತಿದ್ದವು. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಶ್ರುತಿ ಕೇಳಿಸಬೇಕಿತ್ತು.

ಆ ನಾಟಕ ಕಟ್ಟಿದವರಾದರೂ ಯಾರು? 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದಾಗ ಚಂದಣ್ಣನವರ ಜೊತೆಗಿದ್ದವರಲ್ಲಿ ಅಬ್ದುಲ್ ಅಜೀಜ್ ಸಾಹೇಬರೂ ಒಬ್ಬರು. ಮುಂದೆ ವೀರಣ್ಣನವರು ಆ ಕಂಪನಿಯನ್ನು ನಾಡಿಗೇ ಹೆಸರಾಗಿಸಿದರು. ಚಂದ್ರಕಲಾ ನಾಟಕ ಮಂಡಳಿ ನಡೆಸಿದ ಮಹಮ್ಮದ್ ಪೀರ್ ಅವರನ್ನು ಬಿಟ್ಟು ಕನ್ನಡ ವೃತ್ತಿರಂಗಭೂಮಿಯ ಚರಿತ್ರೆ ಬರೆಯಲಾಗದು. ಪಾರ್ಸಿ ಕಂಪನಿಗಳ ಉರ್ದು, ಹಿಂದೂಸ್ತಾನಿ ಮಟ್ಟುಗಳು ಕನ್ನಡ ಸಾಹಿತ್ಯ ತೊಟ್ಟು ಕೃಷ್ಣನ ಬಾಯಲ್ಲೂ ದುರ್ಯೋಧನನ ಬಾಯಲ್ಲೂ ಬಂದವು. ಫ್ರೆಂಚರ ವಾದ್ಯ, ಪಾರ್ಸಿಯವರ ಮಟ್ಟು, ವ್ಯಾಸರ ಕಥೆ: ಇವು ಮೂರೂ ಸೇರಿದ್ದನ್ನೇ ನಮ್ಮ ಜನ ‘ನಮ್ಮ ನಾಟಕ’ ಎಂದರು.

ಶುದ್ಧಿಯ ಮಾತು ಬಂದದ್ದು ಬೇರೆ ಕಡೆಯಿಂದ. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಗಮಕ ಮೂಡದು, ಸ್ವರಗಳ ನಡುವಿನ ಜಾರು ಬಾರದು ಎಂಬ ಆಕ್ಷೇಪ ಸಂಗೀತದ ದೃಷ್ಟಿಯಿಂದ ಸುಳ್ಳೇನಲ್ಲ. ಆದರೆ ವಿದೇಶಿ ಎಂಬ ತಕರಾರೂ ಜೊತೆಗಿತ್ತು. ಅದೇ ರೇಡಿಯೋ ವಿದೇಶಿಯೇ ಆದ ಪಿಟೀಲನ್ನು ಕರೆದು ಕೂರಿಸಿತ್ತು! ನಿಷೇಧ ಸಡಿಲವಾಗತೊಡಗಿದ್ದು 1971ರಲ್ಲಿ. ಅಲ್ಲಿಯವರೆಗೂ ಹಳ್ಳಿಯ ಮೇಷ್ಟ್ರು ಯಾರ ಅಪ್ಪಣೆಯನ್ನೂ ಕೇಳದೆ ತುಳಿಯುತ್ತಲೇ ಇದ್ದರು.

ಈಗ ರಿಪೇರಿಯ ವಿಷಯ. ಹಳೆಯದನ್ನು ಕೊಳ್ಳುವ ಜಾಣ ಹೊರಗಿನ ಮರ ನೋಡಿ ಬೆಲೆ ಕಟ್ಟುವುದಿಲ್ಲ. ಮುಚ್ಚಳ ತೆಗೆಸಿ ರೀಡು ನೋಡುತ್ತಾನೆ. ಜರ್ಮನಿಯಿಂದ ಬಂದ ಹಳೆಯ ಹಿತ್ತಾಳೆ ರೀಡುಗಳಿಗೆ ಇಂದಿಗೂ ಬೆಲೆ. ತಿದಿಯ ಚರ್ಮ ಬಿರಿದಿದ್ದರೆ ಹೊಸದು ಹಾಕಬಹುದು. ಹುಳ ತಿಂದ ಬಟ್ಟೆ ಬದಲಿಸಬಹುದು. ರೀಡಿಗೆ ಕೈ ಹಾಕುವಾಗ ಮಾತ್ರ ಭಯ ಇರಬೇಕು. ನಾಲಗೆಯ ತುದಿ ಕೆರೆದರೆ ಶ್ರುತಿ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದ ಹಿತ್ತಾಳೆ ಮತ್ತೆ ಬಾರದು. ಆದ್ದರಿಂದ ಬಲ್ಲ ಕಸುಬುದಾರ ಮೊದಲು ಧೂಳು ಒರೆಸಿ ನೋಡುತ್ತಾನೆ. ಎಷ್ಟೋ ಸಲ ಅಷ್ಟರಿಂದಲೇ ಸ್ವರ ಬಾಯಿ ಬಿಡುತ್ತದೆ.

ಚರಿತ್ರೆಯನ್ನು ‘ಶುದ್ಧ’ ಮಾಡಲು ಹೊರಟವರಿಗೆ ಈ ಭಯವಿಲ್ಲ. ಹೊರಗಿನಿಂದ ಬಂದದ್ದೆಂದು ಒಂದೊಂದನ್ನೇ ಕೆರೆಯುತ್ತಾ ಹೋದರೆ ಗುಬ್ಬಿ ಕಂಪನಿಯಲ್ಲಿ ಉಳಿಯುವುದೇನು? ಅಜೀಜ್ ಸಾಹೇಬರೂ ಇಲ್ಲ, ಮಟ್ಟೂ ಇಲ್ಲ, ಶ್ರುತಿಯೂ ಇಲ್ಲ.

ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ರಂಗಮಂದಿರವಿದೆ. ಹೆಸರಿನ ಜೊತೆ ನಾದವೂ ಉಳಿಯಬೇಕಾದರೆ ಹಳೆಯ ಹಾರ್ಮೋನಿಯಂಗಳು ಗಾಜಿನ ಪೆಟ್ಟಿಗೆ ಸೇರಬಾರದು, ನುಡಿಯುತ್ತಿರಬೇಕು. ಅದಕ್ಕೆ ರೀಡು ಬಲ್ಲ ಕೈಗಳು ಬೇಕು. ಆ ಕಸುಬನ್ನು ನಾಲ್ಕು ಹುಡುಗರಿಗೆ ಕಲಿಸುವ ಏರ್ಪಾಡು ಮಾಡುವುದು ಒಂದು ನಾಟಕೋತ್ಸವಕ್ಕಿಂತ ದುಬಾರಿಯೇನೂ ಆಗಲಾರದು.