ಕಾರ್ಪೊರೇಟರ್ ಅವಧಿ ಮುಗಿದರೆ ವಾರ್ಡ್‌ನ ರಸ್ತೆ, ಚರಂಡಿ ಕಾಮಗಾರಿಗಳ ಗತಿ ಏನು? ಇಲ್ಲಿದೆ ಪೂರ್ಣ ಮಾಹಿತಿ

ಪಾಲಿಕೆ ಸದಸ್ಯರ ಐದು ವರ್ಷದ ಅವಧಿ ಮುಗಿಯುವ ಹೊತ್ತಿಗೆ ಬಹಳಷ್ಟು ವಾರ್ಡ್‌ಗಳಲ್ಲಿ ಕಾಣುವುದು ಒಂದೇ ಚಿತ್ರ. ಒಂದು ರಸ್ತೆಗೆ ಡಾಂಬರು ಬಿದ್ದಿರುತ್ತದೆ. ಪಕ್ಕದ ರಸ್ತೆಯಲ್ಲಿ ಚರಂಡಿಗೆಂದು ಅಗೆದ ಗುಂಡಿ ಹಾಗೆಯೇ ಬಾಯ್ದೆರೆದುಕೊಂಡಿರುತ್ತದೆ. ಮೂರನೆಯ ರಸ್ತೆಗೆ ಸಿಕ್ಕಿರುವುದು ಭರವಸೆ ಮಾತ್ರ. ಅವಧಿ ಮುಗಿದ ಮೇಲೆ ವಿಚಾರಿಸಲು ಹೋದರೆ 'ನಾನೀಗ ಮಾಜಿ, ಎಂಜಿನಿಯರ್ ಅವರನ್ನೇ ಕೇಳಿ' ಎಂಬ ಉತ್ತರ ಬರುತ್ತದೆ. ಎಂಜಿನಿಯರ್ ಬಳಿ ಹೋದರೆ 'ಆ ಕೆಲಸ ನಮ್ಮ ಪಟ್ಟಿಯಲ್ಲೇ ಇಲ್ಲ' ಎನ್ನುತ್ತಾರೆ.

ಬೆಂಗಳೂರಿನಲ್ಲಿ ಕಾರ್ಪೊರೇಟರ್, ಮುಂಬೈ-ಪುಣೆಯಲ್ಲಿ ನಗರಸೇವಕ, ಚೆನ್ನೈನಲ್ಲಿ ಕೌನ್ಸಿಲರ್, ದೆಹಲಿಯಲ್ಲಿ ಪಾರ್ಷದ್. ಹೆಸರು ಯಾವುದೇ ಇರಲಿ, ನಿಯಮ ಮಾತ್ರ ಒಂದೇ: ಕಡತಕ್ಕೆ ಏರಿದ ಕೆಲಸ ಉಳಿಯುತ್ತದೆ, ಬಾಯಿಮಾತಿನಲ್ಲಿದ್ದದ್ದು ಸದಸ್ಯರ ಜತೆಯೇ ಹೋಗುತ್ತದೆ.

ಕಾನೂನಿನಲ್ಲಿ ಐದು ವರ್ಷ, ಆಮೇಲೆ?

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರ ಪ್ರಕಾರ ಪಾಲಿಕೆಯ ಅವಧಿ ಐದು ವರ್ಷ. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಪೂರ್ಣಗೊಳ್ಳಬೇಕು. ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು.

ನಡೆದದ್ದೇ ಬೇರೆ. ಬೆಂಗಳೂರಿನ ಬಿಬಿಎಂಪಿಯ 198 ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ರಚನೆಯಾದಾಗಲೂ ನಗರದಲ್ಲಿ ಚುನಾಯಿತ ಸದಸ್ಯರಿರಲಿಲ್ಲ. ಮುಂಬೈನ 227 ನಗರಸೇವಕರ ಅವಧಿ 2022ರ ಮಾರ್ಚ್ 7ಕ್ಕೆ ಮುಗಿದರೆ, ಮತದಾನ ನಡೆದದ್ದು 2026ರ ಜನವರಿ 15ರಂದು. ಚೆನ್ನೈನಲ್ಲಿ 2016ರ ಅಕ್ಟೋಬರ್‌ನಿಂದ 2022ರ ಆರಂಭದವರೆಗೆ ಮಂಡಳಿ ಇರಲಿಲ್ಲ. ವಾರ್ಡ್ ಮರುವಿಂಗಡಣೆ, ಮೀಸಲಾತಿ ವಿವಾದ, ಕೋರ್ಟ್ ಮೊಕದ್ದಮೆಗಳು ಇಂಥ ವಿಳಂಬಕ್ಕೆ ಸಾಮಾನ್ಯ ಕಾರಣಗಳು.

ಈ ಅವಧಿಯಲ್ಲಿ ಮಂಡಳಿಯ ಅಧಿಕಾರ ಆಡಳಿತಾಧಿಕಾರಿಯ ಕೈಗೆ ಹೋಗುತ್ತದೆ. ಅಂದರೆ ನಿರ್ಗಮಿಸುವ ಸದಸ್ಯರ ಆದ್ಯತೆಗಳನ್ನು ಮುಂದುವರಿಸಲು ಮರುದಿನವೇ ಇನ್ನೊಬ್ಬ ಸದಸ್ಯ ಬರುತ್ತಾರೆ ಎಂದು ನಂಬುವಂತಿಲ್ಲ.

ಯಾವ ಕೆಲಸ ಉಳಿಯುತ್ತದೆ?

ಪಾಲಿಕೆ ಕಾಮಗಾರಿಯೊಂದು ಸಾಮಾನ್ಯವಾಗಿ ಹಾದುಹೋಗುವ ಹಂತಗಳು ಹೀಗಿವೆ:

* ಬೇಡಿಕೆ ಅಥವಾ ಪ್ರಸ್ತಾವ
* ಎಂಜಿನಿಯರ್ ತಯಾರಿಸುವ ಅಂದಾಜು ಪಟ್ಟಿ
* ಆಡಳಿತಾತ್ಮಕ ಮತ್ತು ತಾಂತ್ರಿಕ ಅನುಮೋದನೆ
* ಟೆಂಡರ್
* ಗುತ್ತಿಗೆದಾರರಿಗೆ ಕಾರ್ಯಾದೇಶ
* ಅಳತೆ ಪುಸ್ತಕದಲ್ಲಿ ದಾಖಲು, ನಂತರ ಬಿಲ್ ಪಾವತಿ

ಕಾರ್ಯಾದೇಶ ಆಗಿದ್ದರೆ ಚಿಂತೆ ಕಡಿಮೆ. ಒಪ್ಪಂದ ಇರುವುದು ಪಾಲಿಕೆ ಮತ್ತು ಗುತ್ತಿಗೆದಾರರ ನಡುವೆ. ಸದಸ್ಯರು ಹೋದರೂ ಅದು ಬಿದ್ದುಹೋಗುವುದಿಲ್ಲ. ಕೆಲಸ ನಿಧಾನವಾದರೆ ಎಂಜಿನಿಯರ್ ಉತ್ತರ ಕೊಡಬೇಕು.

ಅನುಮೋದನೆ ಸಿಕ್ಕಿ ಟೆಂಡರ್ ಆಗದಿದ್ದರೆ ಅಪಾಯ ಹೆಚ್ಚು. ಬಜೆಟ್‌ನಲ್ಲಿ ಹಣ ಇಟ್ಟಿದ್ದರೂ ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31ರ ನಂತರ ಅದನ್ನು ಮತ್ತೆ ಮುಂದಿನ ಬಜೆಟ್‌ಗೆ ಸೇರಿಸಬೇಕಾಗುತ್ತದೆ. ಬೆನ್ನು ಬೀಳುವವರು ಯಾರೂ ಇಲ್ಲದಿದ್ದರೆ ಕಡತ ಇದ್ದಲ್ಲೇ ಧೂಳು ತಿನ್ನುತ್ತದೆ. ಇನ್ನು ಅಂದಾಜು ಪಟ್ಟಿಯೂ ಆಗದ ಕೆಲಸ ಲೆಕ್ಕಕ್ಕೇ ಇಲ್ಲ.

ಆದ್ಯತೆ ಎಂದರೆ ಕ್ರಮವೂ ಹೌದು

ಅವಧಿ ಮುಗಿಯುವ ವರ್ಷದಲ್ಲಿ ಡಾಂಬರೀಕರಣಕ್ಕೆ ಆತುರ ಜಾಸ್ತಿ, ಏಕೆಂದರೆ ಅದು ಕಣ್ಣಿಗೆ ಕಾಣುವ ಕೆಲಸ. ಆದರೆ ಮೊದಲು ಆಗಬೇಕಾದದ್ದು ಒಳಚರಂಡಿ, ನೀರಿನ ಕೊಳವೆ, ಕೇಬಲ್. ಬಳಿಕ ಮಳೆನೀರು ಚರಂಡಿ. ಕೊನೆಗೆ ರಸ್ತೆ ಮತ್ತು ಪಾದಚಾರಿ ಮಾರ್ಗ. ಈ ಕ್ರಮ ತಪ್ಪಿದರೆ ಹೊಸ ರಸ್ತೆಯನ್ನೇ ಮತ್ತೆ ಅಗೆಯಬೇಕಾಗುತ್ತದೆ. ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆಗಳಲ್ಲಿ ಕೊಳವೆ, ಕೇಬಲ್‌ಗಳನ್ನು ಪಾದಚಾರಿ ಮಾರ್ಗದ ಕೆಳಗೆ ಸಾಗಿಸಿದ್ದು ಇದೇ ಕಾರಣಕ್ಕೆ.

ಕೆಲವು ಕೆಲಸಗಳು ಒಬ್ಬ ಸದಸ್ಯರ ಅವಧಿಯಲ್ಲಿ ಮುಗಿಯುವಂಥವೇ ಅಲ್ಲ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ನಗರದ ಹಳೆಯ ಚರಂಡಿಗಳಿಗಿದ್ದ ಸಾಮರ್ಥ್ಯ ಗಂಟೆಗೆ 25 ಮಿ.ಮೀ. ಮಾತ್ರ. ಅದನ್ನು 50 ಮಿ.ಮೀ.ಗೆ ಏರಿಸುವ ಬ್ರಿಮ್‌ಸ್ಟೋವಾಡ್ ವರದಿ 1993ರಲ್ಲೇ ಸಿದ್ಧವಾಗಿದ್ದರೂ ಕೆಲಸಕ್ಕೆ ವೇಗ ಬಂದದ್ದು ಆ ಪ್ರವಾಹದ ನಂತರ. ಇಂಥ ಯೋಜನೆಯಲ್ಲಿ ನಿಮ್ಮ ಬೀದಿಯ ಪಾಲು ಎಷ್ಟು ಎಂಬುದು ಕಾಗದದ ಮೇಲೆ ಇರಬೇಕು.

ಎಲ್ಲವೂ ಕಾರ್ಪೊರೇಟರ್ ಕೈಯಲ್ಲಿಲ್ಲ

ಬೆಂಗಳೂರಿನಲ್ಲಿ ನೀರು ಮತ್ತು ಒಳಚರಂಡಿ ಜಲಮಂಡಳಿಗೆ, ವಿದ್ಯುತ್ ಬೆಸ್ಕಾಂಗೆ ಸೇರಿದ್ದು. ಹೈದರಾಬಾದ್ ಮತ್ತು ಚೆನ್ನೈನಲ್ಲೂ ನೀರು, ಒಳಚರಂಡಿಗೆ ಪ್ರತ್ಯೇಕ ಮಂಡಳಿಗಳಿವೆ. ಮುಂಬೈನಲ್ಲಿ ಈ ಎರಡೂ ಪಾಲಿಕೆಯದ್ದೇ ಹೊಣೆ. ದೆಹಲಿಯಲ್ಲಿ 60 ಅಡಿ ಮತ್ತು ಅದಕ್ಕಿಂತ ಅಗಲದ ರಸ್ತೆಗಳು ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆಗೆ ಸೇರುತ್ತವೆ. ಅಲ್ಲಿನ ಗುಂಡಿಯ ಬಗ್ಗೆ ಪಾರ್ಷದ್ ಅವರನ್ನು ಕೇಳಿದರೆ ಪ್ರಯೋಜನವಿಲ್ಲ. ಹಾಗಾಗಿ ಮೊದಲು ನಿಮ್ಮ ರಸ್ತೆಯ ವಾರಸುದಾರರು ಯಾರು ಎಂದು ತಿಳಿದುಕೊಳ್ಳಿ.

ವಾರ್ಡ್ ಸಂಖ್ಯೆ ಬದಲಾದರೆ?

ಬೆಂಗಳೂರಿನ ವಾರ್ಡ್‌ಗಳು 198 ಇದ್ದದ್ದು 2022ರಲ್ಲಿ 243, 2023ರಲ್ಲಿ 225, ಐದು ಪಾಲಿಕೆಗಳಾದ ಮೇಲೆ 2025ರಲ್ಲಿ 369 ಆದವು. ಮುಂಬೈನಲ್ಲಿ 227 ಇದ್ದದ್ದನ್ನು 236ಕ್ಕೆ ಏರಿಸಿ ಮತ್ತೆ 227ಕ್ಕೇ ಇಳಿಸಲಾಯಿತು. ಹೀಗಾದಾಗ ಹಳೆಯ ವಾರ್ಡ್‌ನ ಕಡತ ಹೊಸ ಕಚೇರಿಯಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಅರ್ಜಿಯಲ್ಲಿ ವಾರ್ಡ್ ಸಂಖ್ಯೆಯ ಜತೆಗೆ ರಸ್ತೆಯ ಹೆಸರು, ಎಲ್ಲಿಂದ ಎಲ್ಲಿಯವರೆಗೆ ಎಂಬ ಗುರುತು ಮತ್ತು ಕಾಮಗಾರಿ ಸಂಖ್ಯೆಯನ್ನು ಬರೆಯಿರಿ.

ಅವಧಿ ಮುಗಿಯುವ ಮುನ್ನ ಏನು ಕೇಳಬೇಕು?

ಅಧಿಕಾರಿ ವರ್ಗವಾದರೆ ಮುಂದಿನವರಿಗೆ ಪ್ರಭಾರ ವಹಿಸಿಕೊಡುವ ಪದ್ಧತಿ ಇದೆ. ಸದಸ್ಯರ ವಿಷಯದಲ್ಲಿ ಅಂಥ ವಾಡಿಕೆ ಸಾಮಾನ್ಯವಾಗಿ ಇಲ್ಲ. ಆದ್ದರಿಂದ ನಿವಾಸಿಗಳ ಸಂಘ ಅಥವಾ ಹೌಸಿಂಗ್ ಸೊಸೈಟಿಯೇ ಕೊನೆಯ ಮೂರು ತಿಂಗಳಲ್ಲಿ ಇವನ್ನು ಕೇಳಿ ಪಡೆಯುವುದು ಒಳ್ಳೆಯದು:

* ನಡೆಯುತ್ತಿರುವ, ಮಂಜೂರಾಗಿ ಶುರುವಾಗದ ಮತ್ತು ಮಂಜೂರಾಗದೆ ಉಳಿದ ಕೆಲಸಗಳ ಮೂರು ಪ್ರತ್ಯೇಕ ಪಟ್ಟಿ
* ಪ್ರತಿ ಕೆಲಸದ ಕಾಮಗಾರಿ ಸಂಖ್ಯೆ, ಮಂಜೂರಾದ ಮೊತ್ತ, ಕಾರ್ಯಾದೇಶದ ದಿನಾಂಕ
* ಮುಗಿದ ಕೆಲಸಗಳ ದೋಷ ಹೊಣೆಗಾರಿಕೆ ಅವಧಿ ಯಾವಾಗ ಮುಗಿಯುತ್ತದೆ ಎಂಬ ಮಾಹಿತಿ. ಅದರೊಳಗೆ ರಸ್ತೆ ಕಿತ್ತುಹೋದರೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು
* ವಾರ್ಡ್ ಸಮಿತಿ ಸಭೆಗಳ ನಡಾವಳಿ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನವೇ ಹೇಳಿದೆ

ಸದಸ್ಯರು ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿ ಶುಲ್ಕ ಸಾಮಾನ್ಯವಾಗಿ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಅಳತೆ ಪುಸ್ತಕದ ಪ್ರತಿಯನ್ನು ಕೇಳಬಹುದು. ಸ್ಥಳಕ್ಕೇ ಹೋಗಿ ಕಾಮಗಾರಿ ಪರಿಶೀಲಿಸಲು ಮತ್ತು ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಕೂಡ ಇದೇ ಕಾಯ್ದೆಯಲ್ಲಿ ಅವಕಾಶವಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ಈ ಪಟ್ಟಿಯ ಒಂದು ಪ್ರತಿಯನ್ನು ವಾರ್ಡ್ ಎಂಜಿನಿಯರ್ ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇನ್ನೊಂದನ್ನು ಚುನಾವಣೆಗೆ ನಿಂತ ಎಲ್ಲ ಅಭ್ಯರ್ಥಿಗಳ ಕೈಗೂ ಕೊಡಿ. ಗೆದ್ದು ಬಂದವರು ಯಾವ ಪಕ್ಷದವರೇ ಆಗಿರಲಿ, ಅರ್ಧಕ್ಕೆ ನಿಂತ ಚರಂಡಿಯ ವಿಷಯ 'ನನಗೆ ಗೊತ್ತಿರಲಿಲ್ಲ' ಎನ್ನಲು ಆಗ ಅವಕಾಶ ಇರುವುದಿಲ್ಲ.